ಮಾತನಾಡಿಸಲು ಹೋದ ಮನೆಯಲ್ಲಿ

ಬ್ರೂಕ್ಲಿನ್‌ನ ಆಸ್ಪತ್ರೆಯೊಂದರಲ್ಲಿ ನಾನು ಉಪಶಮನ ಚಿಕಿತ್ಸೆಯ ವೈದ್ಯೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ತೀರಿಕೊಂಡ ಯಹೂದಿ ರೋಗಿಯೊಬ್ಬರ ಪತ್ನಿಯನ್ನು ಮಾತನಾಡಿಸಿ ಬರೋಣವೆಂದು ಅವರ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಕನ್ನಡಿಗಳಿಗೆಲ್ಲ ಬಟ್ಟೆ ಹೊದಿಸಿದ್ದರು. ಆಕೆ ಗಿಡ್ಡ ಪೀಠದ ಮೇಲೆ ಕುಳಿತಿದ್ದರು, ಉಡುಪಿನ ಎದೆಯ ಬಳಿ ಬೇಕೆಂದೇ ಹರಿದ ಗುರುತು. ಸುತ್ತ ಎಂಟು ಹತ್ತು ಮಂದಿಯಿದ್ದರೂ ಒಬ್ಬರೂ ಮಾತನಾಡುತ್ತಿರಲಿಲ್ಲ. ಆ ಮೌನವನ್ನು ತಾಳಲಾರದೆ ನಾನು ಕೊನೆಯ ದಿನಗಳ ಚಿಕಿತ್ಸೆಯನ್ನು ವಿವರಿಸತೊಡಗಿದೆ. ಆಕೆ ತಲೆ ಎತ್ತಲಿಲ್ಲ. ಹೊರಡುವಾಗ ಅವರ ಪ್ರಾರ್ಥನಾ ಮಂದಿರವಾದ ಸಿನಗಾಗಿನ ಹಿರಿಯರೊಬ್ಬರು ಮೆಲ್ಲಗೆ ಹೇಳಿದರು: ಆಕೆ ಬಾಯಿ ತೆರೆಯುವ ತನಕ ಬಂದವರು ತೆರೆಯುವಂತಿಲ್ಲ.

ಇದು ಯಹೂದಿ ಧರ್ಮಶಾಸ್ತ್ರದ ಗ್ರಂಥವಾದ ತಾಲ್ಮುದ್‌ನ ನಿಯಮ. ಬೈಬಲಿನಲ್ಲಿ ಬರುವ, ಮಕ್ಕಳನ್ನೆಲ್ಲ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕುಳಿತರಲ್ಲ, ಅದೇ ಮಾದರಿ. ಸಾವಿನ ಮನೆಗೆ ಹೋಗುವುದನ್ನೇ ‘ಮಾತನಾಡಿಸಿ ಬರುವುದು’ ಎನ್ನುವ ನನಗೆ ಇದನ್ನು ಕಲಿಯಲು ವರ್ಷಗಳು ಹಿಡಿದವು.

ಶಿವಾ ಎಂಬ ಈ ಏಳು ದಿನಗಳ ಶೋಕಾಚರಣೆಯಲ್ಲಿ, ಹೂಳಿ ಬಂದ ಮೇಲಿನ ಮೊದಲ ಊಟ ಮನೆಯವರದ್ದಾಗಿರಬಾರದು; ನೆರೆಯವರು ತರಬೇಕು. ಮೊಟ್ಟೆ, ಚನ್ನಂಗಿ ಕಾಳು. ಉಳಿದ ಕಾಳುಗಳಿಗೆ ಇರುವಂಥ ಸೀಳುಬಾಯಿ ಚನ್ನಂಗಿಗೆ ಇಲ್ಲ, ದುಃಖದಲ್ಲಿರುವವನಿಗೂ ಬಾಯಿಲ್ಲ ಎನ್ನುತ್ತದೆ ತಾಲ್ಮುದ್. ‘ಏನಾದರೂ ಬೇಕಿದ್ದರೆ ಹೇಳಿ’ ಎಂದು ನಾವೆಲ್ಲ ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಬಾಯಿಲ್ಲದವರು ಕೇಳುವುದು ಹೇಗೆ? ಈ ಸಮುದಾಯದಲ್ಲಿ ಯಾರೂ ಕೇಳಬೇಕಾಗಿಲ್ಲ. ಯಾವ ದಿನ ಯಾರ ಅಡುಗೆ ಎಂಬ ಪಟ್ಟಿ ಆಗಲೇ ಸಿದ್ಧವಾಗಿರುತ್ತದೆ.

ಕಾಯಿಲೆಯಲ್ಲೂ ಹಾಗೆಯೇ. ಬಿಕೂರ್ ಖೋಲಿಮ್ ಎಂದರೆ ರೋಗಿಗಳನ್ನು ಕಾಣಲು ಹೋಗುವುದು. ಅದೊಂದು ಧಾರ್ಮಿಕ ಕರ್ತವ್ಯ. ನ್ಯೂಯಾರ್ಕ್‌ನ ಹಲವು ಆಸ್ಪತ್ರೆಗಳಲ್ಲಿ ಈ ಹೆಸರಿನ ಪುಟ್ಟ ಕೋಣೆಗಳಿವೆ. ಸ್ವಯಂಸೇವಕರು ಅಲ್ಲಿ ಕೋಷರ್, ಅಂದರೆ ಧರ್ಮದ ಕಟ್ಟಳೆಯಂತೆ ಮಾಡಿದ, ಊಟ ತುಂಬಿಡುತ್ತಾರೆ. ಹಗಲಿರುಳು ಹಾಸಿಗೆಯ ಪಕ್ಕ ಕಾಯುವವರು ಹೋಗಿ ತಿನ್ನಬಹುದು. ಭೇಟಿಗೂ ಕಟ್ಟಳೆಗಳಿವೆ. ಹಗಲಿನ ಮೊದಲ ಮೂರು ಗಂಟೆ, ಕೊನೆಯ ಮೂರು ಗಂಟೆ ಹೋಗಬೇಡಿ, ಆಗ ಶುಶ್ರೂಷೆ ನಡೆಯುತ್ತಿರುತ್ತದೆ ಎಂದು 12ನೆಯ ಶತಮಾನದಲ್ಲೇ ಬರೆದಿಟ್ಟವರು ಯಹೂದಿ ಪಂಡಿತ ಮೈಮೊನಿಡಿಸ್. ಅವರೂ ವೈದ್ಯರೇ.

ನನಗೆ ಬಲು ಇಷ್ಟವಾದದ್ದು ಪ್ರಾಚೀನ ಧರ್ಮಗುರು ರಬ್ಬಿ ಅಕೀವಾ ಕಥೆ. ಶಿಷ್ಯನೊಬ್ಬ ಕಾಯಿಲೆ ಬಿದ್ದಾಗ ಪಂಡಿತರು ಯಾರೂ ಅತ್ತ ಸುಳಿಯಲಿಲ್ಲ. ಅಕೀವಾ ಹೋದರು. ಅವರು ಬಂದರೆಂದು ಆ ಕೋಣೆಯನ್ನು ಗುಡಿಸಿ ನೀರು ಚಿಮುಕಿಸಿದರು. ‘ಗುರುವೇ, ನನ್ನನ್ನು ಬದುಕಿಸಿದಿರಿ’ ಎಂದನಂತೆ ಶಿಷ್ಯ. ಪವಾಡವೇನೂ ಇಲ್ಲ, ಕಸ ಗುಡಿಸಿದ್ದಷ್ಟೇ! ರೋಗಿಯ ಕೋಣೆಗೆ ಹೋದಾಗ ನಾನು ಈಗ ಮೊದಲು ನೋಡುವುದು ನೀರಿನ ಲೋಟ ಕೈಗೆ ಎಟುಕುತ್ತಿದೆಯೇ ಎಂದು.

ಮೃತದೇಹವನ್ನು ತೊಳೆದು, ಜೇಬಿಲ್ಲದ ಸಾದಾ ಬಿಳಿ ಉಡುಪು ತೊಡಿಸುವವರು ಖೆವ್ರಾ ಕದೀಶಾ ಎಂಬ ತಂಡದವರು. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು. ಕೆಲಸದಲ್ಲಿ ಏನಾದರೂ ಅಗೌರವವಾಗಿದ್ದರೆ ಮನ್ನಿಸು ಎಂದು ಸತ್ತವರಲ್ಲೇ ಕೇಳಿಕೊಳ್ಳುತ್ತಾರೆ. ಇದಕ್ಕೆ ‘ನಿಜವಾದ ಕರುಣೆ’ ಎಂಬ ಹೆಸರಿದೆ. ಪಡೆದವರು ಎಂದೂ ಹಿಂದಿರುಗಿಸಲಾರರು.

ಏಳನೆಯ ದಿನ ಬೆಳಿಗ್ಗೆ, ಹಲವೆಡೆ, ದುಃಖದಲ್ಲಿರುವವರನ್ನು ಎಬ್ಬಿಸಿ ಬೀದಿಯಲ್ಲಿ ಒಂದು ಸುತ್ತು ನಡೆಸಿಕೊಂಡು ಬರುತ್ತಾರೆ. ತಂದೆತಾಯಿಗಾಗಿ ಕದ್ದೀಶ್ ಎಂಬ ಪ್ರಾರ್ಥನೆ ಹೇಳುವುದು ಮಾತ್ರ 11 ತಿಂಗಳು ಮುಂದುವರಿಯುತ್ತದೆ. ಆ ಪ್ರಾರ್ಥನೆಯಲ್ಲಿ ಸಾವಿನ ಮಾತೇ ಇಲ್ಲ, ದೇವರ ಸ್ತುತಿಯಷ್ಟೇ. ಅದನ್ನು ಒಬ್ಬಂಟಿಯಾಗಿ ಹೇಳುವಂತಿಲ್ಲ, ಹತ್ತು ಮಂದಿ ವಯಸ್ಕರು ಕೂಡಬೇಕು. ಸಂಪ್ರದಾಯಸ್ಥರು ಗಂಡಸರನ್ನಷ್ಟೇ ಎಣಿಸುತ್ತಾರೆ, ಇತರ ಹಲವು ಸಭೆಗಳು ಹೆಂಗಸರನ್ನೂ. ಜನವರಿಯ ಕೊರೆಯುವ ಮುಂಜಾನೆ ಒಂಬತ್ತೇ ಮಂದಿ ಸೇರಿದ್ದರೆ ಯಾರದೋ ಮನೆಗೆ ಫೋನ್ ಹೋಗುತ್ತದೆ. ಸತ್ತವರ ಮುಖವನ್ನೂ ಕಂಡಿರದ ಆತ ಕೋಟು ಹಾಕಿಕೊಂಡು ಹಿಮದಲ್ಲಿ ನಡೆದು ಬರುತ್ತಾನೆ, ಮಗನ ಪ್ರಾರ್ಥನೆಗೆ ‘ಆಮೆನ್’ ಹೇಳಲು.