ಲಗತ್ತು ಎಲ್ಲಿಯೂ ಅಂಟಿಕೊಂಡಿಲ್ಲ

ಮುಂಬಯಿಯ ಮಾಟುಂಗದ ಕೆಲವು ಹೋಟೆಲುಗಳ ಲೆಕ್ಕಪತ್ರ ನೋಡಿಕೊಳ್ಳುವ ಸ್ನೇಹಿತರೊಬ್ಬರ ಕಚೇರಿಗೆ ತಿಂಗಳ ಮೊದಲ ವಾರದಲ್ಲಿ ಬರುವ ಇಮೇಲುಗಳೆಲ್ಲ ಹೆಚ್ಚುಕಡಿಮೆ ಬಿಲ್ಲುಗಳೇ: ಹಾಲು, ತರಕಾರಿ, ಗ್ಯಾಸ್, ಕಾಫಿಪುಡಿ. ಕಳಿಸುವವರು ಬೇರೆ ಬೇರೆಯಾದರೂ ಲಗತ್ತಿನ ಹೆಸರು ಬಹುಮಟ್ಟಿಗೆ ‘ಇನ್‌ವಾಯ್ಸ್.ಪಿಡಿಎಫ್’ ಎಂದೇ ಇರುತ್ತದೆ. ಅವರ ಗುಮಾಸ್ತರು ಒಂದೊಂದನ್ನೂ ತೆರೆದು, ಇಳಿಸಿಕೊಂಡು, ಹೆಸರು ಬದಲಿಸಿ ಫೋಲ್ಡರಿಗೆ ಸೇರಿಸುತ್ತ ಕೂರುತ್ತಾರೆ. ಇದನ್ನು ಯಂತ್ರಕ್ಕೇ ಒಪ್ಪಿಸಬಾರದೇಕೆ ಎಂದು ಕೇಳಿದಾಗ ಸ್ನೇಹಿತರು, “ಒಳಗೆ ಏನಿದೆ ಎಂದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು ಮಾರಾಯ್ರೆ? ಅದಕ್ಕೆಲ್ಲ ಕೃತಕ ಬುದ್ಧಿಮತ್ತೆ ಬೇಕಲ್ಲ?” ಎಂದರು.

ಬೇಕಾಗಿಲ್ಲ. ಬುದ್ಧಿಯೇ ಇಲ್ಲದ ನಾಲ್ಕು ಸಾಲಿನ ನಿಯಮ ಸಾಕಾಗುವ ಕೆಲಸವಿದು. ಪತ್ರಕ್ಕೆ ಗುಂಡುಸೂಜಿಯಿಂದ ಚುಚ್ಚಿದ ಕಾಗದದಂತೆ ಲಗತ್ತು ಹೊರಗಿನಿಂದ ಅಂಟಿಕೊಂಡಿರುತ್ತದೆ ಎಂಬ ಕಲ್ಪನೆಯೇ ಈ ಸಂದೇಹದ ಮೂಲ. ಪರದೆಯ ಮೇಲಿನ ಕ್ಲಿಪ್ಪಿನ ಚಿತ್ರ ಅದನ್ನು ಇನ್ನಷ್ಟು ಗಟ್ಟಿಮಾಡಿದೆ. ವಾಸ್ತವದಲ್ಲಿ ಇಮೇಲ್ ಎಂಬುದು ಮೊದಲಿನಿಂದ ಕೊನೆಯವರೆಗೆ ಒಂದೇ ಉದ್ದನೆಯ ಬರಹ, ಮತ್ತು ಲಗತ್ತು ಆ ಬರಹದ ನಡುವಿನ ಕೆಲವು ಸಾವಿರ ಸಾಲುಗಳು.

ಹೀಗಾಗಲು ಕಾರಣ ಇತಿಹಾಸದಲ್ಲಿದೆ. 1982ರಲ್ಲಿ ಇಮೇಲ್ ಸಾಗಾಣಿಕೆಯ ನಿಯಮಗಳನ್ನು ಜಾನ್ ಪೋಸ್ಟೆಲ್ ಬರೆದಾಗ, ಆ ದಾರಿಯಲ್ಲಿ ಸಾಗಬೇಕಾಗಿದ್ದದ್ದು ಏಳು ಬಿಟ್ಟಿನ, ಅಂದರೆ ಏಳು ಸೊನ್ನೆ-ಒಂದುಗಳಲ್ಲಿ ಬರೆಯಬಹುದಾದ, ಸರಳ ಇಂಗ್ಲಿಷ್ ಅಕ್ಷರಗಳು ಮಾತ್ರ. ಚಿತ್ರಕ್ಕಾಗಲಿ, ಹಾಡಿಗಾಗಲಿ, ನಮ್ಮ ಕನ್ನಡಕ್ಕಾಗಲಿ ಅಲ್ಲಿ ಜಾಗವಿರಲಿಲ್ಲ. ನೆಥೇನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ರೂಪಿಸಿದ, ಇವನ್ನೆಲ್ಲ ಇಮೇಲಿನೊಳಗೆ ಸೇರಿಸುವ ಮೈಮ್ ಎಂಬ ಪದ್ಧತಿ 1992ರಲ್ಲಿ ಪ್ರಕಟವಾಯಿತು. ಆ ವರ್ಷದ ಮಾರ್ಚ್ 11ರಂದು ಬೊರೆನ್‌ಸ್ಟೈನ್ ತಮ್ಮ ನಾಲ್ವರ ಗಾಯನ ತಂಡದ ಚಿತ್ರವನ್ನೂ ಹಾಡನ್ನೂ ಇಮೇಲಿನಲ್ಲಿ ಕಳಿಸಿದ್ದರು. ಹಳೆಯ ದಾರಿಯನ್ನು ಅಗೆಯದೆ, ಸರಕನ್ನೇ ದಾರಿಗೆ ಹೊಂದುವಂತೆ ಮಾರ್ಪಡಿಸಿದ್ದು ಅವರ ಜಾಣ್ಮೆ.

ಆ ಮಾರ್ಪಾಡಿನ ಹೆಸರು ಬೇಸ್64. ಇಪ್ಪತ್ತನಾಲ್ಕು ಇಂಚಿನ ಕಬ್ಬಿನ ಜಲ್ಲೆಯೊಂದನ್ನು ಎಂಟೆಂಟು ಇಂಚಿನ ಮೂರು ತುಂಡುಗಳಾಗಿಯೂ ಕತ್ತರಿಸಬಹುದು, ಆರಾರು ಇಂಚಿನ ನಾಲ್ಕು ತುಂಡುಗಳಾಗಿಯೂ ಕತ್ತರಿಸಬಹುದು. ಕಬ್ಬು ಅಷ್ಟೇ ಇರುತ್ತದೆ. ಎಂಟು ಬಿಟ್ಟಿಗೆ ಒಂದು ಬೈಟು; ಫೈಲಿನ ಮೂರು ಬೈಟುಗಳೆಂದರೆ 24 ಬಿಟ್‌ಗಳು, ಅವನ್ನು ಆರರಂತೆ ನಾಲ್ಕು ಪಾಲು ಮಾಡಿದರೆ ಪ್ರತಿ ಪಾಲಿಗೂ 64 ಸಾಧ್ಯತೆಗಳು. ಇಂಗ್ಲಿಷಿನ ದೊಡ್ಡ ಅಕ್ಷರಗಳು, ಸಣ್ಣ ಅಕ್ಷರಗಳು, ಹತ್ತು ಅಂಕಿಗಳು, ಎರಡು ಚಿಹ್ನೆಗಳು ಸೇರಿದರೆ ಸರಿಯಾಗಿ 64. ಮುಂಬಯಿಯವರಿಗಾದರೆ ಇನ್ನೂ ಸುಲಭವಾಗಿ ಹೇಳಬಹುದು: ಲೋಕಲ್ ರೈಲಿನಲ್ಲಿ ಮೂವರ ಆಸನದಲ್ಲಿ ನಾಲ್ವರು ಸರಿದು ಕೂರುತ್ತಾರಲ್ಲವೇ, ಹಾಗೆ. ಆದರೆ ಮುಂದಿನ ಪ್ರಯಾಣದಲ್ಲಿ ಈ ತೆಳ್ಳಗಿನ ನಾಲ್ವರಿಗೂ ಒಂದೊಂದು ಪೂರ್ಣ ಆಸನ ಕೊಡಬೇಕಾಗುತ್ತದೆ, ಏಕೆಂದರೆ ಪ್ರತಿ ಅಕ್ಷರವೂ ಮತ್ತೆ ಎಂಟು ಬಿಟ್ಟಿನ ಜಾಗ ಹಿಡಿಯುತ್ತದೆ. ಹದಿನೈದು ಎಂಬಿಯ ಫೈಲು ದಾರಿಯಲ್ಲಿ ಇಪ್ಪತ್ತು ಎಂಬಿ ಮೀರಿ ಊದಿಕೊಳ್ಳುವುದು ಹೀಗೆ. ಪಿಡಿಎಫ್ ಫೈಲು ಯಾವಾಗಲೂ ಶೇಕಡಾ ಚಿಹ್ನೆ, ಪಿ, ಡಿ, ಎಫ್ ಎಂದು ಆರಂಭವಾಗುವುದರಿಂದ, ಬೇಸ್64ಕ್ಕೆ ಇಳಿದಾಗ ಅದರ ಮೊದಲ ನಾಲ್ಕು ಅಕ್ಷರ ಜೆ, ವಿ, ಬಿ, ಇ ಎಂದೇ ಆಗುತ್ತವೆ. ಹೆಸರನ್ನು ಯಾರು ಹೇಗೆ ಬದಲಿಸಿದರೂ ಈ ಜನ್ಮಗುರುತು ಅಳಿಯುವುದಿಲ್ಲ.

ಇನ್ನು ಬೇಕಾದದ್ದು ಚೀಟಿ. ಈ ಊರಿನ ಡಬ್ಬಾವಾಲರು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೂ ಡಬ್ಬಿಯನ್ನು ತೆರೆಯದೆ, ಮುಚ್ಚಳದ ಮೇಲಿನ ಬಣ್ಣ ಮತ್ತು ಅಕ್ಷರಗಳನ್ನಷ್ಟೇ ನೋಡಿ ಸರಿಯಾದ ಕಟ್ಟಡದ ಸರಿಯಾದ ಮಹಡಿಗೆ ತಲುಪಿಸುತ್ತಾರೆ. ಇಮೇಲಿನ ಪ್ರತಿ ಭಾಗದ ನೆತ್ತಿಯಲ್ಲಿಯೂ ಅಂಥದೇ ಚೀಟಿಯಿದೆ: ಕಂಟೆಂಟ್-ಟೈಪ್ ಎಂಬ ಸಾಲು ಇದು ಯಾವ ಬಗೆಯ ಸರಕೆಂದು ಹೇಳಿದರೆ, ಕಂಟೆಂಟ್-ಡಿಸ್ಪೊಸಿಷನ್ ಎಂಬುದು ಇದು ಲಗತ್ತೋ ಅಥವಾ ಪತ್ರದೊಳಗೇ ತೋರಿಸಬೇಕಾದದ್ದೋ ಎಂದು ಹೇಳುತ್ತದೆ. ಈ ಎರಡನೆಯದನ್ನು ಕಡೆಗಣಿಸಿದವರ ಫೋಲ್ಡರಿನಲ್ಲಿ ಬಿಲ್ಲುಗಳಿಗಿಂತ ಸಹಿಯ ಕೆಳಗಿನ ಕಂಪನಿ ಲೋಗೋಗಳೇ ಹೆಚ್ಚಾಗಿರುತ್ತವೆ!

ಆದ್ದರಿಂದ ಸ್ನೇಹಿತರಿಗೆ ಹೇಳಿಕೊಟ್ಟ ನಿಯಮ ಇಷ್ಟೇ: ಕಳಿಸಿದವರ ವಿಳಾಸ ಪಟ್ಟಿಯಲ್ಲಿದ್ದು, ಚೀಟಿಯಲ್ಲಿ ಲಗತ್ತು ಎಂದಿದ್ದು, ಒಳಗಿನ ಗುರುತು ಪಿಡಿಎಫ್ ಆಗಿದ್ದರೆ ಮಾತ್ರ ಆ ವ್ಯಾಪಾರಿಯ ಫೋಲ್ಡರಿಗೆ ಉಳಿಸಬೇಕು. ಗೂಗಲ್‌ನ ಆ್ಯಪ್ಸ್ ಸ್ಕ್ರಿಪ್ಟ್, ಮೈಕ್ರೋಸಾಫ್ಟ್‌ನ ಪವರ್ ಆಟೊಮೇಟ್ ಎಂಬ ಸ್ವಯಂಚಾಲನೆಯ ಸಾಧನಗಳೆರಡರಲ್ಲಿಯೂ ಇಂಥದನ್ನು ಕಟ್ಟಬಹುದು. ಹೆಸರನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಆರಂಭಿಸಬೇಕು. ನಮ್ಮ ರೂಢಿಯಂತೆ ದಿನವನ್ನು ಮುಂದಿಟ್ಟರೆ ಎಲ್ಲ ತಿಂಗಳುಗಳ ಒಂದನೆಯ ತಾರೀಖುಗಳು ಒಟ್ಟಿಗೆ ಗುಂಪುಗೂಡಿ ಸಾಲು ಕಲಸಿಹೋಗುತ್ತದೆ.

ಒಂದೇ ಬಿಲ್ಲನ್ನು ನೆನಪೋಲೆಯೊಂದಿಗೆ ಮೂರು ಸಲ ಕಳಿಸುವವರಿದ್ದಾರೆ. ಅಲ್ಲಿ ಎಸ್‌ಎಚ್‌ಎ-256 ಎಂಬ ಬೆರಳಚ್ಚು ನೆರವಾಗುತ್ತದೆ: ಫೈಲು ಎಷ್ಟೇ ದೊಡ್ಡದಿರಲಿ, ಅದು 256 ಬಿಟ್ಟಿನ ಒಂದು ಸಂಖ್ಯೆಯನ್ನು ಕೊಡುತ್ತದೆ, ಮತ್ತು ಒಂದು ಅಲ್ಪವಿರಾಮ ಬದಲಾದರೂ ಇಡೀ ಸಂಖ್ಯೆ ಬದಲಾಗುತ್ತದೆ. ಹೆಸರು ಬೇರೆಯಾಗಿ ಬೆರಳಚ್ಚು ಒಂದೇ ಆಗಿದ್ದರೆ ಎರಡನೆಯ ಪ್ರತಿ ಬೇಡ. ಹೆಸರು ಒಂದೇ ಆಗಿ ಬೆರಳಚ್ಚು ಬೇರೆಯಾಗಿದ್ದರೆ ಹಳೆಯದರ ಮೇಲೆ ಹೊಸದನ್ನು ಬರೆಯದೆ ಎರಡನ್ನೂ ಇಡಬೇಕು, ಏಕೆಂದರೆ ಅದು ತಿದ್ದಿದ ಬಿಲ್ಲಾಗಿರಬಹುದು.

ಮೂಲ ಇಮೇಲನ್ನು ಅಳಿಸುವ ಆತುರ ಮಾತ್ರ ಬೇಡವೆಂದೆ. ಜಿಎಸ್‌ಟಿ ಕಾಯ್ದೆಯ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು, ಮತ್ತು ಬಿಲ್ಲು ಯಾವಾಗ ಯಾರಿಂದ ಬಂತೆಂಬ ಸಾಕ್ಷ್ಯ ಉಳಿದಿರುವುದು ಇಮೇಲಿನ ತಲೆಸಾಲುಗಳಲ್ಲಿ, ಪಿಡಿಎಫ್‌ನಲ್ಲಲ್ಲ.

ಮೊದಲ ದಿನ ಫೋಲ್ಡರಿನಲ್ಲಿ ಒಂದು ಫೈಲು ಮಾತ್ರ ಪ್ರಶ್ನಾರ್ಥಕ, ಸಮಚಿಹ್ನೆಗಳ ನಡುವೆ ಅರ್ಥವಾಗದ ಅಕ್ಷರಗಳ ಹೆಸರು ಹೊತ್ತು ಕುಳಿತಿತ್ತು. ಊರಿನ ವ್ಯಾಪಾರಿಯೊಬ್ಬರು ತಮ್ಮ ಬಿಲ್ಲಿಗೆ ಕನ್ನಡದಲ್ಲಿ ಹೆಸರಿಟ್ಟಿದ್ದರು. ಹೆಸರೂ ಅದೇ ಏಳು ಬಿಟ್ಟಿನ ದಾರಿಯಲ್ಲಿ ವೇಷ ಮರೆಸಿಕೊಂಡೇ ಬರುತ್ತದೆ, ಅದನ್ನು ಬಿಡಿಸಿ ಓದುವ ಸಾಲನ್ನು ನಾನು ಬರೆದಿರಲಿಲ್ಲ. ಬರೆದ ಮೇಲೆ ‘ತೆಂಗಿನಕಾಯಿ ಲೆಕ್ಕ’ ಎಂದು ತೋರಿತು.