ಪುನರ್ಪುಳಿ ಪಾನಕ ದಿನವೂ ಕುಡಿದರೆ ದೇಹಕ್ಕೆ ಸಿಗುವುದೇನು?

ಪ್ರಶ್ನೆ: ಪುನರ್ಪುಳಿಯಲ್ಲಿ ಆಂಟಿಆಕ್ಸಿಡೆಂಟ್ ಹೇರಳವಾಗಿದೆ, ಅದರ ಜ್ಯೂಸ್ ಕುಡಿದರೆ ತೂಕವೂ ಇಳಿಯುತ್ತದೆ ಎನ್ನುತ್ತಾರೆ. ನಿಜವೇ? ದಿನವೂ ಕುಡಿಯಬಹುದೇ?

ಉತ್ತರ: ಮೊದಲ ಮಾತು ನಿಜ, ಎರಡನೆಯದಕ್ಕೆ ಆಧಾರ ಸಾಲದು. ದಿನವೂ ಕುಡಿಯಬಹುದೇ ಎಂಬುದು ಹಣ್ಣಿಗಿಂತ ಹೆಚ್ಚಾಗಿ ಅದಕ್ಕೆ ಬೆರೆಸುವ ಸಕ್ಕರೆಯನ್ನು ಅವಲಂಬಿಸಿದೆ.

ದಕ್ಷಿಣ ಕನ್ನಡದಲ್ಲಿ ಪುನರ್ಪುಳಿ, ಶಿರಸಿ–ಸಿದ್ದಾಪುರದ ಕಡೆ ಮುರುಗಲು ಎನಿಸಿಕೊಳ್ಳುವ ಈ ಹಣ್ಣಿನ ಸಿಪ್ಪೆಯ ಕಡುಗೆಂಪಿಗೆ ಆಂಥೋಸಯಾನಿನ್ ಎಂಬ ವರ್ಣದ್ರವ್ಯಗಳೇ ಕಾರಣ. ಜೀವಕೋಶಗಳಿಗಾಗುವ ಹಾನಿಯನ್ನು ತಡೆಯಬಲ್ಲವು ಎನ್ನುವ ಆಂಟಿಆಕ್ಸಿಡೆಂಟ್‌ಗಳ ಗುಂಪಿಗೆ ಇವು ಸೇರುತ್ತವೆ. ಇವು ನೀರಿನಲ್ಲಿ ಕರಗುವುದರಿಂದ ಪಾನಕಕ್ಕೆ ಸಲೀಸಾಗಿ ಇಳಿಯುತ್ತವೆ. ಸ್ವಲ್ಪ ಪಾನಕಕ್ಕೆ ನೊರೆ ಏಳುವುದು ನಿಲ್ಲುವವರೆಗೆ ಅಡುಗೆ ಸೋಡಾ ಬೆರೆಸಿದರೆ ಕೆಂಪು ಮಾಸಿ ನೀಲಿ-ಹಸಿರು ಬೆರೆತ ಮಂಕು ಬಣ್ಣ ಬರುವುದನ್ನು ನೋಡಬಹುದು. ಬಾಟಲಿಯ ಜ್ಯೂಸ್ ಹೀಗೆ ಮಾಡಿದರೂ ಕೆಂಪಾಗಿಯೇ ಉಳಿದರೆ ಆ ಬಣ್ಣದ ಮೂಲ ಹಣ್ಣೇ ಎಂದು ನಂಬುವುದು ಕಷ್ಟ.

ಆದರೆ ಪ್ರನಾಳದಲ್ಲಿ ಅಳೆದ ಆಂಟಿಆಕ್ಸಿಡೆಂಟ್ ಶಕ್ತಿ ದೇಹದೊಳಗೂ ಅಷ್ಟೇ ಇರುತ್ತದೆ ಎನ್ನಲಾಗದು. ನಾವು ಸೇವಿಸಿದ ಆಂಥೋಸಯಾನಿನ್‌ನಲ್ಲಿ ತೀರಾ ಅಲ್ಪ ಭಾಗ ಮಾತ್ರ ಮೂಲ ರೂಪದಲ್ಲಿ ರಕ್ತ ಸೇರುತ್ತದೆ, ಉಳಿದದ್ದು ಕರುಳಿನಲ್ಲಿಯೇ ಒಡೆದು ಬೇರೆ ಸಂಯುಕ್ತಗಳಾಗುತ್ತದೆ. ಆಹಾರಗಳ ಆಂಟಿಆಕ್ಸಿಡೆಂಟ್ ಶಕ್ತಿಗೆ ಅಂಕ ಕೊಡುತ್ತಿದ್ದ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ತನ್ನ ಜಾಲತಾಣದಿಂದ ತೆಗೆದುಹಾಕಿದ್ದಕ್ಕೆ, ಆ ಅಂಕಗಳಿಗೂ ಮನುಷ್ಯರ ಆರೋಗ್ಯಕ್ಕೂ ನೇರ ಸಂಬಂಧ ಕಾಣದಿದ್ದದ್ದು ಒಂದು ಕಾರಣ. ಜಾಹೀರಾತುಗಳು ಆ ಅಂಕಗಳನ್ನು ದುರುಪಯೋಗಪಡಿಸಿಕೊಳ್ಳುತ್ತಿದ್ದದ್ದು ಇನ್ನೊಂದು. ಇದೇ ಸಿಪ್ಪೆಯಲ್ಲಿರುವ ಗಾರ್ಸಿನಾಲ್ ಎಂಬ ಸಂಯುಕ್ತವು ಕ್ಯಾನ್ಸರ್ ಕೋಶಗಳ ಮೇಲೆ ಪರಿಣಾಮ ಬೀರಿದ್ದು ಪ್ರಯೋಗಾಲಯದಲ್ಲಿ ಕಂಡಿದೆ. ಆದರೆ ಅದು ಕರಗುವುದು ಕೊಬ್ಬಿನಲ್ಲಿ, ನೀರಿನಲ್ಲಲ್ಲ. ಹಾಗಾಗಿ ಆ ಸುದ್ದಿಯನ್ನು ಪಾನಕದ ಲೋಟಕ್ಕೆ ಅಂಟಿಸುವುದು ಸರಿಯಲ್ಲ.

ತೂಕ ಇಳಿಕೆಯ ಮಾತು ಹುಟ್ಟಿದ್ದು ಈ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲದಿಂದ. ಪುನರ್ಪುಳಿಯ ಹತ್ತಿರದ ಬಂಧುವಾದ ಉಪ್ಪಾಗೆಯಲ್ಲಿಯೂ ಅದು ಧಾರಾಳವಾಗಿದೆ. ಉಪ್ಪಾಗೆಯ ಸಾರವನ್ನು 135 ಜನರ ಮೇಲೆ 12 ವಾರ ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರಿಗಿಂತ ಹೆಚ್ಚೇನೂ ತೂಕ ಇಳಿಯಲಿಲ್ಲ. ಇಂಥ ಸಾರದ ಮಾತ್ರೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ವರದಿಯಾಗಿವೆ, ಆದ್ದರಿಂದ ಅವುಗಳಿಂದ ದೂರವಿರುವುದೇ ಲೇಸು.

ಇನ್ನು ಸಕ್ಕರೆಯ ವಿಚಾರ. ಸಿಪ್ಪೆಗೆ ಸಕ್ಕರೆ ತುಂಬಿ ಬಿಸಿಲಿಗಿಟ್ಟು ಇಳಿಸಿದ ಗಟ್ಟಿ ಸಿರಪ್‌ನ ಎರಡು ದೊಡ್ಡ ಚಮಚದಲ್ಲಿ ಸುಮಾರು 20ರಿಂದ 25 ಗ್ರಾಂ ಸಕ್ಕರೆ ಇರುತ್ತದೆ. ದಿನಕ್ಕೆ ಸುಮಾರು 25 ಗ್ರಾಂ ದಾಟದಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಅಷ್ಟು ಸಿರಪ್ ಬೆರೆಸಿದ ಒಂದೇ ಲೋಟದಲ್ಲಿ ಬಹುಪಾಲು ಮುಗಿದುಹೋಗುತ್ತದೆ, ಮಧುಮೇಹಿಗಳಿಗಂತೂ ಇದು ತಕ್ಕ ಪಾನೀಯವಲ್ಲ. ಒಣಸಿಪ್ಪೆಯನ್ನು ನೀರಿನಲ್ಲಿ ನೆನೆಸಿ ಕಿವುಚಿ, ಜೀರಿಗೆ ಪುಡಿ ಮತ್ತು ಚಿಟಿಕೆ ಉಪ್ಪು ಹಾಕಿದ ತೆಳು ಪಾನಕವನ್ನು ಆರೋಗ್ಯವಂತರು ಬೇಸಗೆಯಲ್ಲಿ ದಿನಕ್ಕೊಂದು ಲೋಟ ಕುಡಿಯಲು ಅಡ್ಡಿಯಿಲ್ಲ. ರಕ್ತದೊತ್ತಡ ಇರುವವರು ಆ ಉಪ್ಪನ್ನೂ ಬಿಡಬೇಕು. ಹುಳಿತೇಗು, ಎದೆಯುರಿ ಇರುವವರು ಖಾಲಿ ಹೊಟ್ಟೆಯಲ್ಲಿ ಕುಡಿಯದಿರುವುದು ಉತ್ತಮ.