ಕಾಲೇಜಿನ ವಯಸ್ಸು ಚಾವಣಿಯಲ್ಲಿದೆ

ಹಾಸನ, ಚಿಕ್ಕಮಗಳೂರು ಭಾಗದ ಕಾಲೇಜುಗಳು ಸುವರ್ಣ ಮಹೋತ್ಸವಕ್ಕೋ ವಜ್ರ ಮಹೋತ್ಸವಕ್ಕೋ ಸಿದ್ಧವಾಗುವಾಗ ನಮ್ಮಂಥ ವಾಸ್ತುಶಿಲ್ಪಿಗಳಿಗೆ ಕರೆ ಬರುತ್ತದೆ. ಆಡಳಿತ ಮಂಡಳಿಯವರ ಪ್ರಶ್ನೆ ಬಹುಮಟ್ಟಿಗೆ ಒಂದೇ: ಹಳೆಯ ಬ್ಲಾಕನ್ನು ಉಳಿಸಿಕೊಳ್ಳಬೇಕೋ, ಕೆಡವಬೇಕೋ? ಉತ್ತರ ಹೇಳುವ ಮೊದಲು ಆವರಣದಲ್ಲಿ ಯಾವ ಕಟ್ಟಡ ಯಾವ ಕಾಲದ್ದೆಂದು ತಿಳಿಯಬೇಕು. ಇದಕ್ಕೆ ಶಂಕುಸ್ಥಾಪನೆಯ ಕಲ್ಲನ್ನು ನಂಬುವಂತಿಲ್ಲ; ಅದು ಗಣ್ಯರು ಬಂದುಹೋದ ದಿನವನ್ನು ಹೇಳುತ್ತದೆಯೇ ಹೊರತು ಗೋಡೆ ಎದ್ದ ವರ್ಷವನ್ನಲ್ಲ. ನಾನು ಮೊದಲು ತಲೆ ಎತ್ತಿ ಚಾವಣಿಯನ್ನು ನೋಡುತ್ತೇನೆ.

ಮೈಸೂರು ಸಂಸ್ಥಾನದ ಕಾಲದ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಚಾವಣಿಗಳು ಕಾಣುತ್ತವೆ. ಒಂದು, ಮರದ ಟ್ರಸ್ಸಿನ (ತ್ರಿಕೋನ ಚೌಕಟ್ಟಿನ) ಮೇಲೆ ರೀಪು ಹೊಡೆದು ಹೊದಿಸಿದ ಮಂಗಳೂರು ಹೆಂಚು. ಇನ್ನೊಂದು ಮದ್ರಾಸ್ ತಾರಸಿ. ಅಂದರೆ ಮರದ ಜಂತಿಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಸಾಲಿನಲ್ಲಿ ನಿಲ್ಲಿಸಿ, ಸುಣ್ಣದ ಗಾರೆಯಲ್ಲಿ ಜೋಡಿಸಿ, ಮೇಲೆ ಇಟ್ಟಿಗೆ ಜಲ್ಲಿಯನ್ನು ಸುಣ್ಣದೊಡನೆ ಬಡಿದು ಕೂರಿಸಿದ್ದು. ತೊಲೆ ಎಷ್ಟು ಉದ್ದ ಸಿಗುತ್ತಿತ್ತೋ ಕೋಣೆಯ ಅಗಲವೂ ಅಷ್ಟೇ. ಅಂದಿನ ತರಗತಿಗಳು ಕಿರಿದಾಗಿ, ಉದ್ದವಾಗಿ ಇರುವುದನ್ನು ಸೌಂದರ್ಯಪ್ರಜ್ಞೆ ಎಂದು ಬಣ್ಣಿಸುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಅದು ಮುಕ್ಕಾಲು ಪಾಲು ಮರದ ಲೆಕ್ಕ.

ಹೆಂಚಿನ ಚಾವಣಿಯಾದರೆ ಒಂದೆರಡು ಹೆಂಚನ್ನು ಇಳಿಸಿ ಮಗುಚಿ ನೋಡುವುದು ಲೇಸು. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು; ಮೊದಲ ಮಹಾಯುದ್ಧದ ಬಳಿಕ ಅದರ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಸೇರಿದವು. ಹೆಂಚಿನ ಮೇಲೆ ಒತ್ತಿದ ಹೆಸರಿನಿಂದಲೇ ಕಾಲದ ಒಂದು ಗಡಿ ಸಿಗುವುದು ಹೀಗೆ. ಆದರೆ ಹೆಂಚು ಒಂದೆಡೆ ನಿಲ್ಲುವ ವಸ್ತುವಲ್ಲ. ಕೆಡವಿದ ಮನೆಯಿಂದ ಇನ್ನೊಂದು ಸೂರಿಗೆ ಸುಲಭವಾಗಿ ಹೋಗುತ್ತದೆ. ಇಡೀ ಇಳಿಜಾರಿನಲ್ಲಿ ಒಂದೇ ಮುದ್ರೆ ಇದ್ದರೆ ಮಾತ್ರ ಅದನ್ನು ಸಾಕ್ಷಿಯೆಂದು ಒಪ್ಪಬಹುದು.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಆರ್‌ಸಿಸಿ, ಅಂದರೆ ಕಬ್ಬಿಣದ ಕಂಬಿ ಹಾಕಿದ ಕಾಂಕ್ರೀಟು, ಬಂತು. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರಲ್ಲಿ, ಎರಡನೇ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ, ಆರಂಭವಾಯಿತು; ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ಮಹಾವಿದ್ಯಾಲಯ 1980ರಲ್ಲಿ. ಈ ಎರಡು ಇಸವಿಗಳ ನಡುವಿನ ಕಾಲದಲ್ಲಿ ಸಿಮೆಂಟು ಬಹುಮಟ್ಟಿಗೆ ಸರ್ಕಾರದ ನಿಯಂತ್ರಣದಲ್ಲಿದ್ದ ಸರಕು. ಆ ನಿಯಂತ್ರಣ ಭಾಗಶಃ ಸಡಿಲವಾದದ್ದು 1982ರಲ್ಲಿ, ಪೂರ್ತಿ ತೆಗೆದದ್ದು 1989ರಲ್ಲಿ. ಆದ್ದರಿಂದ ಚಾವಣಿಗೆ ಕಾಂಕ್ರೀಟು ಬಳಸಿದರೂ ಗೋಡೆಗೆ ಸೈಜುಗಲ್ಲನ್ನೇ ನೆಚ್ಚಿಕೊಂಡ ಕಟ್ಟಡಗಳು ನಮ್ಮಲ್ಲಿ ಹೇರಳವಾಗಿವೆ. ಇಂಥ ಸ್ಲ್ಯಾಬಿನ ತಳ ಎಲ್ಲಿಯಾದರೂ ಉದುರಿದ್ದರೆ ಹೊರಬಿದ್ದ ಕಂಬಿಯನ್ನು ಗಮನಿಸಬೇಕು: ನುಣುಪಾದ ಗುಂಡು ಕಂಬಿಯಾದರೆ ಬಹುಶಃ ಅರವತ್ತರ ದಶಕ ಅಥವಾ ಅದಕ್ಕೂ ಹಿಂದಿನದು, ಹಗ್ಗದಂತೆ ತಿರುಚಿದ ಟಾರ್ ಕಂಬಿಯಾದರೆ ಎಪ್ಪತ್ತು-ಎಂಬತ್ತರ ದಶಕದ್ದು, ಇಂದು ಬಳಕೆಯಲ್ಲಿರುವ, ಮೈಮೇಲೆ ಏಣುಗಳಿರುವ ಟಿಎಂಟಿ ಕಂಬಿಯಾದರೆ ಅದಕ್ಕೂ ಈಚಿನದು.

ಚಾವಣಿಯಷ್ಟೇ ಮಾತನಾಡುವ ಇನ್ನೊಂದು ಭಾಗ ಜಗಲಿ. 1939ರಿಂದ 1948ರವರೆಗೆ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದ, ಜರ್ಮನಿಯಿಂದ ಬಂದ ಆಟೊ ಕೋನಿಗ್ಸ್‌ಬರ್ಗರ್ ಅವರು ಬಿಸಿಲು ಮತ್ತು ಗಾಳಿಯ ದಿಕ್ಕನ್ನು ಲೆಕ್ಕ ಹಾಕಿ ಕಟ್ಟಡ ರೂಪಿಸುವುದಕ್ಕೆ ಒತ್ತು ಕೊಟ್ಟವರು. ಆ ಲೆಕ್ಕ ನಮ್ಮೂರಿಗೂ ಸಲ್ಲುತ್ತದೆ. ಹಾಸನ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ, ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ. ಡಿಸೆಂಬರ್ ಕೊನೆಯಲ್ಲಿ ನಡುಹಗಲಿನ ಸೂರ್ಯನ ಎತ್ತರ ಸುಮಾರು 53 ಡಿಗ್ರಿ. ಹೀಗಾಗಿ ದಕ್ಷಿಣದಲ್ಲಿ 9 ಅಡಿ ಎತ್ತರದ ಸೂರಿನ ಕೆಳಗೆ 8 ಅಡಿ ಅಗಲದ ಜಗಲಿ ಇದ್ದರೆ ಆ ಹೊತ್ತಿನ ಬಿಸಿಲು ಕೂಡ ತರಗತಿಯ ಗೋಡೆಯನ್ನು ಮುಟ್ಟುವುದಿಲ್ಲ. ಪೂರ್ವ-ಪಶ್ಚಿಮವಾಗಿ ಉದ್ದಕ್ಕೆ ಚಾಚಿ, ಒಂದೇ ಸಾಲಿನಲ್ಲಿ ಕೋಣೆಗಳನ್ನಿಟ್ಟು, ದಕ್ಷಿಣಕ್ಕೆ ಜಗಲಿ, ಉತ್ತರಕ್ಕೆ ದೊಡ್ಡ ಕಿಟಕಿ ಬಿಟ್ಟ ಕಟ್ಟಡವನ್ನು ಕಂಡರೆ, ನಕ್ಷೆ ಬರೆದವರು ಈ ಲೆಕ್ಕ ಬಲ್ಲವರೆಂದು ತಿಳಿಯಬಹುದು. ಮುಂಗಾರಿನ ಎರಚಲು ನೈಋತ್ಯದಿಂದ ಬರುವುದರಿಂದ ಅದೇ ಜಗಲಿ ಗೋಡೆಯನ್ನು ಮಳೆಯಿಂದಲೂ ಕಾಯುತ್ತದೆ.

ಎಂಬತ್ತರ ದಶಕದಿಂದೀಚೆಗೆ ಜಾಗ ಮತ್ತು ಹಣ ಉಳಿಸುವ ನೆಪದಲ್ಲಿ ಜಗಲಿ ಕಟ್ಟಡದ ಒಳಗೆ ಸರಿಯಿತು: ನಡುವೆ ಕತ್ತಲ ಓಣಿ, ಎರಡೂ ಬದಿಗೆ ಕೋಣೆ, ಹಗಲಿಡೀ ಟ್ಯೂಬ್‌ಲೈಟ್. ವಾಸ್ತುಶಿಲ್ಪಿ ಬಿ.ವಿ. ದೋಶಿ ಅವರು ಬೆಂಗಳೂರಿನ ಐಐಎಂ ಆವರಣದಲ್ಲಿ ಒರಟು ಕಲ್ಲಿನ ಗೋಡೆಯನ್ನೂ ಉದ್ದನೆಯ ಪಡಸಾಲೆಗಳನ್ನೂ ಇಡೀ ವಿನ್ಯಾಸದ ಜೀವಾಳವಾಗಿ ಇಟ್ಟದ್ದು ಸರಿಸುಮಾರು ಆ ಕಾಲದಲ್ಲೇ ಎಂಬುದನ್ನು ನೆನೆದರೆ, ನಾವು ಕೈಬಿಟ್ಟದ್ದು ಅನಿವಾರ್ಯವಾಗಿರಲಿಲ್ಲ ಎನಿಸುತ್ತದೆ. ಅದರ ಬದಲು ಕಾಲೇಜುಗಳ ಹೆಬ್ಬಾಗಿಲಲ್ಲಿ ಸಿಮೆಂಟಿನ ‘ಹೊಯ್ಸಳ ಕಮಾನು’ಗಳು ಎದ್ದವು. ಬೇಲೂರು, ಹಳೇಬೀಡಿನ ದೇಗುಲಗಳು ನಿಂತಿರುವುದು ಕಂಬ-ತೊಲೆಗಳ ಮೇಲೆ. ಕಮಾನು ಆ ಸ್ಥಪತಿಗಳ ದಾರಿಯಾಗಿರಲಿಲ್ಲ.

ಈಗ ಆಡಳಿತ ಮಂಡಳಿಯ ಪ್ರಶ್ನೆಗೆ ಬರೋಣ. ಅವರು ‘ಹಳೆಯದು’ ಎಂದು ಬೆರಳು ಮಾಡಿ ತೋರಿಸುವ ಕಲ್ಲುಕಟ್ಟಡ ಅನೇಕ ಸಲ ಗಟ್ಟಿಯಾಗಿಯೇ ಇರುತ್ತದೆ; ಕಾಯಿಲೆ ಇರುವುದು ನಡುಪ್ರಾಯದ ಆರ್‌ಸಿಸಿ ಬ್ಲಾಕಿಗೆ. ಕಾಂಕ್ರೀಟನ್ನು ಸ್ವಲ್ಪ ಒಡೆದು, ಹೊಸದಾಗಿ ತೆರೆದ ಮೈಗೆ ಫಿನಾಲ್ಫ್ತಲೀನ್ ದ್ರಾವಣ ಚಿಮುಕಿಸಿದರೆ ಕ್ಷಾರಗುಣ ಉಳಿದಿರುವ ಭಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕಂಬಿಯ ಆಳದವರೆಗೂ ಬಣ್ಣ ಬಾರದಿದ್ದರೆ ಕಾಂಕ್ರೀಟು ಕಂಬಿಯನ್ನು ಕಾಪಾಡುವ ಶಕ್ತಿ ಕಳೆದುಕೊಂಡಿದೆ ಎಂದರ್ಥ. ತೇವ ಸೇರಿದರೆ ತುಕ್ಕು ಖಂಡಿತ. ಹಳೆಯ ಬ್ಲಾಕಿನಲ್ಲಿ ಗೋಡೆ ಹೊಪ್ಪಳೆ ಎದ್ದಿದ್ದರೆ ಅದಕ್ಕೆ ವಯಸ್ಸಿಗಿಂತ ಹೆಚ್ಚಾಗಿ ಯಾವಾಗಲೋ ನಡೆದ ದುರಸ್ತಿಯೇ ಕಾರಣವಾಗಿರುತ್ತದೆ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟು ಗಿಲಾವು ಬಳಿದು, ಮೇಲೆ ಪ್ಲಾಸ್ಟಿಕ್ ಬಣ್ಣ ಹಚ್ಚಿದಾಗ ಪಾಯದಿಂದ ಏರಿದ ತೇವ ಆರಿಹೋಗಲು ದಾರಿ ಸಿಗದೆ, ಅದರಲ್ಲಿ ಕರಗಿದ್ದ ಉಪ್ಪು ಬಿಳಿಯಾಗಿ ಗಟ್ಟಿಗೊಂಡು ಗಿಲಾವನ್ನೇ ತಳ್ಳುತ್ತದೆ. ಆ ಗಿಲಾವನ್ನು ಕಿತ್ತು, ಒಂದು ಬೇಸಿಗೆ ಗೋಡೆಯನ್ನು ಒಣಗಲು ಬಿಟ್ಟು, ಮತ್ತೆ ಸುಣ್ಣದ ಗಿಲಾವನ್ನೇ ಮಾಡಿಸಬೇಕು. ಲಿಫ್ಟು, ಶೌಚಾಲಯ, ಸರ್ವರ್ ಕೋಣೆಗಳನ್ನು ಹೊಸ ಕಟ್ಟಡಕ್ಕೆ ಸಾಗಿಸಿದರೆ ಹಳೆಯದರ ಮೇಲಿನ ಹೊರೆ ಇಳಿಯುತ್ತದೆ. ಜಗಲಿಗೆ ಅಲ್ಯೂಮಿನಿಯಂ ಚೌಕಟ್ಟು, ಗಾಜು ಕೂರಿಸಿ ಸಿಬ್ಬಂದಿ ಕೊಠಡಿ ಮಾಡುವ ಪ್ರಸ್ತಾವ ಬಂದರೆ ನಾನು ಒಪ್ಪುವುದಿಲ್ಲ, ಅಂಥ ನಕ್ಷೆಗೆ ಸಹಿ ಹಾಕುವುದೂ ಇಲ್ಲ.